ಅಪಸಾಮಾನ್ಯತೆ ಎಂದರೇನು? ಅದನ್ನು ಅರಿಯುವ ಬಗೆ ಯಾವುದು?



ಇಂದು ತಮ್ಮ ಮುಂದೆ ಮಂಡಿಸಬೇಕಾಗಿರುವ ವಿಷಯಕ್ಕೆ ಪಠ್ಯಪುಸ್ತಕಗಳಲ್ಲಿ ‘ಅಪಸಾಮಾನ್ಯ ಮನೋವಿಜ್ಞಾನ’ ಎಂಬ ಹೆಸರಿದೆ. ಹೆಸರು ತುಸು ಭಾರವಾದದ್ದು. ಆದರೆ ಅದು ಕೇಳುವ ಪ್ರಶ್ನೆ ಮನೆಮನೆಯ ಪ್ರಶ್ನೆಯೇ ಆಗಿದೆ. ಒಬ್ಬ ವ್ಯಕ್ತಿಯ ಆಲೋಚನೆ, ಭಾವನೆ ಮತ್ತು ನಡೆವಳಿಕೆಗಳು ಇತರರಿಗಿಂತ ಬೇರೆಯಾಗಿರುವುದು ಒಂದು ಸಂಗತಿ. ಅವು ಆರೈಕೆಯನ್ನು ಬೇಡುವ ಸ್ಥಿತಿಗೆ ಬಂದಿರುವುದು ಇನ್ನೊಂದು ಸಂಗತಿ. ಇವೆರಡರ ನಡುವಣ ಗೆರೆ ಎಲ್ಲಿದೆ? ಅದನ್ನು ಎಳೆಯುವವರು ಯಾರು, ಯಾವ ಆಧಾರದ ಮೇಲೆ?

ಶಾಸ್ತ್ರಕ್ಕೆ ಬರುವ ಮೊದಲು ಮೂವರ ವಿಷಯ ಹೇಳಲು ಅಪ್ಪಣೆ ಬೇಡುತ್ತೇನೆ. ನಾನು ಬಾಲ್ಯವನ್ನು ಕಳೆದ ಮಲೆನಾಡಿನ ಹಳ್ಳಿಯಲ್ಲಿ ಇಬ್ಬರಿಗೆ ‘ಹುಚ್ಚ’ ಎಂಬ ಬಿರುದಿತ್ತು. ಒಬ್ಬರು ನಿವೃತ್ತ ಶಾಲಾ ಮಾಸ್ತರರು. ಮಗನ ಮದುವೆಗೆ ವರದಕ್ಷಿಣೆ ಬೇಡವೆಂದವರು. ಪಂಕ್ತಿಭೇದವಿರುವ ಕಡೆ ಉಣ್ಣುವುದಿಲ್ಲವೆಂದು ಹಟ ಹಿಡಿದವರು. ರಾತ್ರಿ ಅಂಗಳದಲ್ಲಿ ನಿಂತು ನಕ್ಷತ್ರಗಳ ಲೆಕ್ಕ ಬರೆದಿಡುತ್ತಿದ್ದವರು. ಇನ್ನೊಬ್ಬ ಇಪ್ಪತ್ತೆರಡರ ತರುಣ. ಓದಿನಲ್ಲಿ ಜಾಣನೆನಿಸಿದ್ದ ಅವನು ಕ್ರಮೇಣ ಸ್ನಾನ ಬಿಟ್ಟ, ಹೊತ್ತಿಗೆ ಸರಿಯಾಗಿ ಉಣ್ಣುವುದನ್ನು ಬಿಟ್ಟ. ಯಾರೂ ಇಲ್ಲದ ಕಡೆ ಯಾರಿಗೋ ಉತ್ತರ ಕೊಡತೊಡಗಿದ. ಬಾವಿಯ ನೀರಿಗೆ ವಿಷ ಬೆರೆಸಿದ್ದಾರೆಂದು ಹೆದರಿ ಅಟ್ಟದ ಮೇಲೆ ಅಡಗುತ್ತಿದ್ದ. ಮೂರನೆಯವಳು ನೆರೆಮನೆಯ ಸೊಸೆ. ಆಕೆಯನ್ನು ಯಾರೂ ಹುಚ್ಚಿ ಎನ್ನಲಿಲ್ಲ. ಕೊಟ್ಟಿಗೆ, ಅಡಿಗೆ, ಮಕ್ಕಳ ಯೋಗಕ್ಷೇಮ, ಯಾವುದೂ ನಿಲ್ಲುತ್ತಿರಲಿಲ್ಲ. ಮಾತು ಮಾತ್ರ ದಿನದಿನಕ್ಕೆ ಕಡಿಮೆಯಾಯಿತು. ಎದೆ ಉರಿ, ಕೈಕಾಲು ಸೋಲು ಎಂದು ಹೇಳಿಕೊಂಡಾಗ ಕಷಾಯ ಮಾಡಿ ಕುಡಿಸಿದರು. ಒಂದು ಮಳೆಗಾಲದಲ್ಲಿ ಆಕೆ ತೀರಿಕೊಂಡಳು. ಹೇಗೆಂಬುದನ್ನು ಊರು ಗಟ್ಟಿಯಾಗಿ ಹೇಳಲಿಲ್ಲ.

ಇಬ್ಬರಿಗೆ ಒಂದೇ ಹೆಸರನ್ನಿಟ್ಟ ಊರು ಮೂರನೆಯವಳಿಗೆ ಯಾವ ಹೆಸರನ್ನೂ ಇಡಲಿಲ್ಲ. ಮಾಸ್ತರರಿಗೆ ವೈದ್ಯರ ಅಗತ್ಯವೇ ಇರಲಿಲ್ಲ. ತರುಣನಿಗೆ ಇತ್ತು, ಆದರೆ ಎಂಟು ವರ್ಷ ಅದು ದೊರೆಯಲಿಲ್ಲ. ಆ ಹೆಣ್ಣುಮಗಳಿಗೆ ಇತ್ತೆಂಬುದೇ ಯಾರ ಗಮನಕ್ಕೂ ಬರಲಿಲ್ಲ. ವ್ಯಾಖ್ಯೆಯ ಚರ್ಚೆ ಪಂಡಿತರ ಶಬ್ದವಿಲಾಸವಾಗಿದ್ದರೆ ನಾನು ಅದಕ್ಕಾಗಿ ತಮ್ಮ ಕಾಲವನ್ನು ತೆಗೆದುಕೊಳ್ಳುತ್ತಿರಲಿಲ್ಲ.

ಅಪಸಾಮಾನ್ಯತೆಯನ್ನು ಅಳೆಯಲು ಮೊದಲು ತೋಚುವ ಅಳತೆಗೋಲು ಸಂಖ್ಯೆಯದು. ಬಹುಮಂದಿ ಇದ್ದಂತೆ ಇರುವುದು ಸಾಮಾನ್ಯ, ವಿರಳವಾದದ್ದು ಅಪಸಾಮಾನ್ಯ ಎಂಬುದು ಇದರ ತಾತ್ಪರ್ಯ. ಬೆಂಗಳೂರಿನಲ್ಲಿ ಜನಿಸಿದ ಶಕುಂತಲಾ ದೇವಿಯವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡುಗಳಲ್ಲಿ ಉತ್ತರ ನೀಡಿದರು. ಸಂಖ್ಯೆಯ ಅಳತೆಯಿಂದ ನೋಡಿದರೆ ಇದಕ್ಕಿಂತ ಅಸಾಮಾನ್ಯವಾದದ್ದು ಯಾವುದಿದೆ? ಆದರೆ ಅದನ್ನು ರೋಗವೆಂದವರಿಲ್ಲ. ಅತ್ತ, ಹುಳುಕು ಹಲ್ಲು ಊರಿನ ಬಹುಪಾಲು ಜನರಿಗಿದ್ದರೂ ಅದು ಆರೋಗ್ಯವೆನಿಸಿಕೊಳ್ಳುವುದಿಲ್ಲ. ಆದುದರಿಂದ ವಿರಳತೆ ಒಂದರಿಂದಲೇ ಏನನ್ನೂ ನಿರ್ಣಯಿಸಲಾಗದು.

ಎರಡನೆಯ ಅಳತೆಗೋಲು ಸಮಾಜದ ಕಟ್ಟುಪಾಡು. ಇದು ಹೆಚ್ಚು ಅಪಾಯಕಾರಿಯಾದದ್ದು. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 1851ರಲ್ಲಿ ಅಮೆರಿಕದ ಲೂಯಿಸಿಯಾನಾ ಪ್ರಾಂತದಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯನು ಒಂದು ಹೊಸ ಮನೋರೋಗವನ್ನು ವರ್ಣಿಸಿದನು. ಅದರ ಲಕ್ಷಣ ಒಂದೇ: ಗುಲಾಮರು ತಮ್ಮ ಯಜಮಾನರಿಂದ ತಪ್ಪಿಸಿಕೊಂಡು ಓಡಿಹೋಗಲು ಬಯಸುವುದು! ಬಿಡುಗಡೆಯ ಹಂಬಲವನ್ನೇ ವ್ಯಾಧಿಯ ಪಟ್ಟಿಗೆ ಸೇರಿಸಿದ ಈ ಉದಾಹರಣೆಯನ್ನು ಕೇಳಿ ಇಂದು ನಗಬಹುದು. ಆದರೆ ಇಪ್ಪತ್ತನೆಯ ಶತಮಾನದಲ್ಲಿಯೂ ಸೋವಿಯತ್ ಒಕ್ಕೂಟದಲ್ಲಿ ಸರ್ಕಾರವನ್ನು ಟೀಕಿಸಿದವರಲ್ಲಿ ಹಲವರನ್ನು ಚಿತ್ತವಿಕಲತೆಯ ಹೆಸರಿನಲ್ಲಿ ಆಸ್ಪತ್ರೆಗಳಲ್ಲಿ ಕೂಡಿಹಾಕಲಾಗಿತ್ತು. ಸಲಿಂಗ ಪ್ರೇಮವನ್ನು ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗಗಳ ಪಟ್ಟಿಯಿಂದ ಕೈಬಿಟ್ಟದ್ದು 1973ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಿಂದ ಅದು ಹೊರಬಿದ್ದದ್ದು 1990ರಲ್ಲಿ. ವಯಸ್ಕರ ನಡುವಣ ಅಂಥ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ ಸಾರಿದ್ದು 2018ರ ಸೆಪ್ಟೆಂಬರ್ 6ರಂದು. ಅಷ್ಟು ವರ್ಷ ಯಾರಿಗೆ ಯಾವ ಚಿಕಿತ್ಸೆ ಮಾಡಿದರೆಂಬುದನ್ನು ನೆನೆದರೆ ಮನಸ್ಸು ಕುಗ್ಗುತ್ತದೆ. ಕನ್ನಡಿಗರಿಗೆ ಈ ಮಾತನ್ನು ದೂರದ ದೇಶಗಳ ನಿದರ್ಶನದಿಂದಲೇ ತಿಳಿಸಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ ಅಂದಿನ ಕಟ್ಟುಪಾಡಿನ ಯಾವ ಅಳತೆಗೆ ಒಗ್ಗುವಂತಿದ್ದಳು?

ಇನ್ನುಳಿದದ್ದು ಯಾತನೆ ಮತ್ತು ಅಸಾಮರ್ಥ್ಯ. ವ್ಯಕ್ತಿ ಸ್ವತಃ ಸಂಕಟಪಡುತ್ತಿದ್ದಾನೆಯೆ? ಉದ್ಯೋಗ, ಸಂಸಾರ, ಸ್ವಂತ ದೇಹದ ಪೋಷಣೆ ಇವುಗಳನ್ನು ನಡೆಸಿಕೊಂಡು ಹೋಗಲಾಗುತ್ತಿದೆಯೆ? ಇವು ಹೆಚ್ಚು ಮಾನವೀಯವಾದ ಪ್ರಶ್ನೆಗಳು. ಆದರೆ ಇವುಗಳಿಗೂ ಮಿತಿಯುಂಟು. ಉನ್ಮಾದದ ಉತ್ಕರ್ಷದಲ್ಲಿ ಇರುವವನಿಗೆ ಯಾತನೆಯೇ ಇರುವುದಿಲ್ಲ. ಜಗತ್ತನ್ನೇ ಕೊಂಡುಕೊಳ್ಳುವೆನೆಂಬ ಹುಮ್ಮಸ್ಸಿನಲ್ಲಿ ಮನೆಯ ಪತ್ರಗಳನ್ನು ಒತ್ತೆಯಿಟ್ಟು ಬರುತ್ತಾನೆ. ಮಗುವನ್ನು ಕಳೆದುಕೊಂಡ ತಾಯಿಗೆ ಅಪಾರ ಯಾತನೆಯಿದ್ದರೂ ಆಕೆ ರೋಗಿಯಲ್ಲ. ದುಃಖ ಎಷ್ಟು ಕಾಲ ದುಃಖವಾಗಿ ಉಳಿದು, ಯಾವಾಗ ರೋಗವಾಗುತ್ತದೆ ಎಂಬ ಬಗ್ಗೆ ತಜ್ಞರೊಳಗೇ ಒಮ್ಮತವಿಲ್ಲ. ದೀರ್ಘಶೋಕವೆಂಬ ಹೊಸ ವರ್ಗವೊಂದು ಈಗ ಪಟ್ಟಿಗಳಲ್ಲಿ ಸೇರಿದೆ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ಪಟ್ಟಿ ಕನಿಷ್ಠ ಆರು ತಿಂಗಳೆನ್ನುತ್ತದೆ. 2022ರ ಅಮೆರಿಕದ ಪಟ್ಟಿ ವಯಸ್ಕರಿಗೆ ಹನ್ನೆರಡು ತಿಂಗಳೆನ್ನುತ್ತದೆ. ವರ್ಷಾಂತಿಕದವರೆಗೆ ಶೋಕಕ್ಕೆ ಅವಕಾಶವಿಟ್ಟ ನಮ್ಮ ಹಿರಿಯರು ಇದನ್ನು ಕೇಳಿ ಏನೆನ್ನುತ್ತಿದ್ದರೋ ತಿಳಿಯದು. 1992ರಲ್ಲಿ ಜೆರೋಮ್ ವೇಕ್‌ಫೀಲ್ಡ್ ಎಂಬ ವಿದ್ವಾಂಸರು ಇವೆಲ್ಲವನ್ನು ಜೋಡಿಸಿ ಒಂದು ಸೂತ್ರವನ್ನು ಮುಂದಿಟ್ಟರು: ಮನಸ್ಸಿನ ಸಹಜ ಕಾರ್ಯವೊಂದು ಒಳಗಿನಿಂದ ಕೆಟ್ಟಿರಬೇಕು, ಆ ಕೆಡಕಿನಿಂದ ವ್ಯಕ್ತಿಗೆ ಹಾನಿಯೂ ಆಗುತ್ತಿರಬೇಕು. ಎರಡೂ ಕೂಡಿದಾಗಲೇ ಅದು ವ್ಯಾಧಿ. ಒಳಗೆ ಕೆಟ್ಟಿದೆಯೆಂಬುದನ್ನು ಕಾಣುವುದು ಹೇಗೆ ಎಂಬ ಆಕ್ಷೇಪ ಉಳಿದೇ ಇದ್ದರೂ, ನನ್ನ ಮಟ್ಟಿಗೆ ಮಾಸ್ತರರನ್ನು ತರುಣನಿಂದ ಬೇರ್ಪಡಿಸಲು ಇಷ್ಟು ಸಾಕಾಗುತ್ತದೆ.

ಅಪಾಯಕಾರಿತ್ವವೆಂಬ ಇನ್ನೊಂದು ಲಕ್ಷಣವನ್ನೂ ಪುಸ್ತಕಗಳು ಹೇಳುತ್ತವೆ. ಅದರ ಬಗ್ಗೆ ಒಂದೇ ಮಾತು ಸಾಕು. ಮನೋರೋಗವುಳ್ಳವರಲ್ಲಿ ಬಹುಮಂದಿ ಯಾರಿಗೂ ಕೇಡು ಮಾಡುವವರಲ್ಲ. ಹಿಂಸೆಗೆ ತಾವೇ ಗುರಿಯಾಗುವುದು ಹೆಚ್ಚು. ಚಲನಚಿತ್ರಗಳು ಇದಕ್ಕೆ ವಿರುದ್ಧವಾದ ಭಾವನೆಯನ್ನು ಬೆಳೆಸಿವೆ.

ನಮ್ಮ ದೇಶದಲ್ಲಿ ಈ ವಿಚಾರ ಹೊಸದಲ್ಲ. ಚರಕ ಸಂಹಿತೆಯು ಉನ್ಮಾದವನ್ನು ವಿವರಿಸುವಾಗ ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಎಂಬ ಎಂಟರ ವಿಭ್ರಮೆಯನ್ನು ಹೇಳುತ್ತದೆ. ಬ್ರಿಟಿಷರ ಕಾಲದ 1912ರ ಕಾಯಿದೆಗೆ ಇಷ್ಟು ವಿವೇಚನೆಯೂ ಇರಲಿಲ್ಲ. ಅದು ಸ್ವಸ್ಥಚಿತ್ತವಿಲ್ಲದವರನ್ನೆಲ್ಲ ಹುಚ್ಚರೆಂಬ ಒಂದೇ ಚೀಲಕ್ಕೆ ತುಂಬಿತು. 1987ರ ಕಾಯಿದೆ ಭಾಷೆಯನ್ನು ತಿದ್ದಿತು. 2001ರ ಆಗಸ್ಟ್ 6ರ ಮುಂಜಾವಿನಲ್ಲಿ ತಮಿಳುನಾಡಿನ ಏರವಾಡಿಯ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಂಧಿತರಾಗಿದ್ದವರು ಓಡಲಾರದೆ 28 ಮಂದಿ ಪ್ರಾಣ ಕಳೆದುಕೊಂಡರು. ಚೆನ್ನೈಯ ಕನ್ನಡ ಬಂಧುಗಳಿಗೆ ಆ ದಿನದ ಪತ್ರಿಕೆಗಳು ನೆನಪಿರಬಹುದು. ಸರ್ವೋಚ್ಚ ನ್ಯಾಯಾಲಯ ತಾನಾಗಿಯೇ ಆ ಪ್ರಕರಣವನ್ನು ಕೈಗೆತ್ತಿಕೊಂಡಿತು.

2018ರ ಮೇ 29ರಿಂದ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ವ್ಯಾಖ್ಯೆಯನ್ನು ಪ್ರತಿಯೊಬ್ಬ ನಾಗರಿಕನೂ ತಿಳಿದಿರುವುದು ಅವಶ್ಯ. ಅದರ ಸಾರವಿಷ್ಟು: ಆಲೋಚನೆ, ಮನೋಭಾವ, ಇಂದ್ರಿಯಗ್ರಹಣ, ದಿಕ್ಕು–ಕಾಲಗಳ ಅರಿವು ಅಥವಾ ಸ್ಮರಣೆಯಲ್ಲಿ ಗಣನೀಯವಾದ ಏರುಪೇರಾಗಿ, ಅದರಿಂದ ವಿವೇಚನೆ, ನಡೆವಳಿಕೆ, ವಾಸ್ತವವನ್ನು ಗುರುತಿಸುವ ಶಕ್ತಿ ಅಥವಾ ದೈನಂದಿನ ಬದುಕನ್ನು ನಡೆಸುವ ಶಕ್ತಿ ತೀವ್ರವಾಗಿ ಕುಂದಿರಬೇಕು. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಇದರಲ್ಲಿ ಸೇರುತ್ತವೆ; ಬುದ್ಧಿಮಾಂದ್ಯ ಸೇರುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು ಕಾಯಿದೆಯ ಮೂರನೆಯ ಪ್ರಕರಣದಲ್ಲಿದೆ. ಯಾರನ್ನೇ ಆಗಲಿ ಅವರ ರಾಜಕೀಯ, ಆರ್ಥಿಕ ಅಥವಾ ಸಾಮಾಜಿಕ ಸ್ಥಾನದ ಕಾರಣಕ್ಕಾಗಲಿ, ಸಮುದಾಯದಲ್ಲಿ ರೂಢಿಯಲ್ಲಿರುವ ನೈತಿಕ, ಸಾಮಾಜಿಕ ಅಥವಾ ಧಾರ್ಮಿಕ ನಂಬಿಕೆಗಳಿಗೆ ಹೊಂದಿಕೊಳ್ಳಲಿಲ್ಲವೆಂಬ ಕಾರಣಕ್ಕಾಗಲಿ ಮನೋರೋಗಿಯೆಂದು ವರ್ಗೀಕರಿಸುವಂತಿಲ್ಲ. ನಮ್ಮ ಮಾಸ್ತರರಿಗೆ ಕಾನೂನಿನ ರಕ್ಷಣೆ ದೊರೆತದ್ದು ಹೀಗೆ, ಅವರು ಗತಿಸಿ ಬಹುಕಾಲವಾದ ಮೇಲೆ.

ಸಂಸ್ಕೃತಿಯ ಪ್ರಶ್ನೆಯೂ ಇಲ್ಲಿಯೇ ಏಳುತ್ತದೆ. ತುಳುನಾಡಿನ ಭೂತಕೋಲದಲ್ಲಿ ದೈವ ಕಟ್ಟಿದವರಿಗೆ ಆವೇಶ ಬರುತ್ತದೆ; ಅವರು ನುಡಿ ಕೊಡುತ್ತಾರೆ; ಕೋಲ ಮುಗಿದ ಮೇಲೆ ಮನೆಗೆ ಹೋಗಿ ಮರುದಿನದ ಕೆಲಸಕ್ಕೆ ಏಳುತ್ತಾರೆ. ಅಲ್ಲಿ ರೋಗವೆಲ್ಲಿದೆ? ಅದೇ ಆವೇಶ ಯಾವ ಆಚರಣೆಯ ಚೌಕಟ್ಟೂ ಇಲ್ಲದೆ, ಬೇಡವೆಂದರೂ ಪದೇಪದೇ ಬಂದು ಒಬ್ಬ ಹೆಂಗಸಿನ ಬದುಕನ್ನು ಅಸ್ತವ್ಯಸ್ತಗೊಳಿಸಿದರೆ ಆಗ ಪರಿಶೀಲನೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಇಂದಿನ ಪಟ್ಟಿಯೂ ಸಮುದಾಯ ಒಪ್ಪಿದ ಧಾರ್ಮಿಕ ಆಚರಣೆಯ ಭಾಗವಾಗಿರುವ ಆವೇಶವನ್ನು ರೋಗದಿಂದ ಹೊರಗಿಟ್ಟಿದೆ.

ವ್ಯಾಖ್ಯೆ ದೊರೆಯಿತೆಂದರೆ ಕೆಲಸ ಆರಂಭವಾಯಿತೆಂದು ಮಾತ್ರ ಅರ್ಥ. ಇಂಥ ಸ್ಥಿತಿ ಎಷ್ಟು ಜನರಲ್ಲಿದೆ, ಏಕೆ ಬರುತ್ತದೆ, ಯಾವುದರಿಂದ ಶಮನವಾಗುತ್ತದೆ ಎಂಬುದನ್ನು ತಿಳಿಯುವ ದಾರಿಗಳೇ ಸಂಶೋಧನಾ ವಿಧಾನಗಳು. ಎಲ್ಲಕ್ಕಿಂತ ಹಳೆಯದು ವ್ಯಕ್ತಿ ಅಧ್ಯಯನ. ಒಬ್ಬನೇ ರೋಗಿಯ ಬಾಲ್ಯ, ಕುಟುಂಬ, ರೋಗದ ಆರಂಭ ಮತ್ತು ಬೆಳವಣಿಗೆಯನ್ನು ಕೂಲಂಕಷವಾಗಿ ದಾಖಲಿಸುವುದು ಇದರ ಕ್ರಮ. ವಿರಳವಾದ ಸ್ಥಿತಿಗಳ ಮೊದಲ ಸುಳಿವು ಸಿಕ್ಕುವುದು ಹೀಗೆಯೇ. ಆದರೆ ಬರೆಯುವವನ ಕಣ್ಣಿಗೆ ತನ್ನ ಸಿದ್ಧಾಂತಕ್ಕೆ ಹೊಂದುವುದೇ ಎದ್ದು ಕಾಣುವ ಅಪಾಯ ಇಲ್ಲಿ ಸದಾ ಇದೆ. 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಪ್ರಕಟಿಸಿದ ಗ್ರಂಥದಲ್ಲಿ ‘ಆನಾ ಓ.’ ಎಂಬ ಗುಪ್ತನಾಮದ ತರುಣಿಯ ವೃತ್ತಾಂತವಿದೆ. ಮಾತಿನ ಮೂಲಕವೇ ಆಕೆ ಗುಣಹೊಂದಿದಳೆಂಬ ಆ ವೃತ್ತಾಂತದ ಮೇಲೆ ಒಂದು ಚಿಕಿತ್ಸಾ ಪಂಥವೇ ನೆಲೆಗೊಂಡಿತು. ಇತಿಹಾಸಕಾರ ಎಲೆನ್‌ಬರ್ಗರ್ 1972ರಲ್ಲಿ ಹಳೆಯ ಕಡತಗಳನ್ನು ಹುಡುಕಿ ತೆಗೆದಾಗ, ಆ ಚಿಕಿತ್ಸೆ ಮುಗಿದ ಬಳಿಕವೂ ಆಕೆಯನ್ನು ಆರೋಗ್ಯಧಾಮದಲ್ಲಿ ಇರಿಸಬೇಕಾಗಿತ್ತೆಂಬುದು ಬೆಳಕಿಗೆ ಬಂದಿತು. ಆಕೆಯ ನಿಜನಾಮ ಬರ್ಥಾ ಪಾಪೆನ್‌ಹೈಮ್. ಮುಂದೆ ಆಕೆ ಜರ್ಮನಿಯಲ್ಲಿ ಯಹೂದಿ ಮಹಿಳೆಯರ ಒಕ್ಕೂಟವನ್ನು ಸ್ಥಾಪಿಸಿದ ದಿಟ್ಟ ಸಮಾಜಸೇವಕಿಯಾದಳು. ವೃತ್ತಾಂತ ಬರೆದವರಿಗಿಂತ ಆಕೆಯ ಬಾಳೇ ದೊಡ್ಡದಾಯಿತೆಂದು ನನಗೆ ಅನ್ನಿಸುವುದುಂಟು.

ಒಬ್ಬರಿಂದ ಹಲವರಿಗೆ ಸಾಗಿದಾಗ ಮೊದಲು ಎದುರಾಗುವ ತೊಡಕು ವಿಶ್ವಸನೀಯತೆಯದು. ಒಬ್ಬನೇ ರೋಗಿಯನ್ನು ಇಬ್ಬರು ವೈದ್ಯರು ನೋಡಿದರೆ ಒಂದೇ ನಿರ್ಣಯಕ್ಕೆ ಬರುತ್ತಾರೆಯೆ? 1960ರ ದಶಕದಲ್ಲಿ ನ್ಯೂಯಾರ್ಕ್ ಆಸ್ಪತ್ರೆಗಳಲ್ಲಿ ಚಿತ್ತವಿಕಲತೆಯ ರೋಗಿಗಳು ಲಂಡನ್ನಿಗಿಂತ ಬಹಳ ಹೆಚ್ಚಾಗಿದ್ದರು. ಆ ನಗರದ ಗಾಳಿಯಲ್ಲಿ ಏನಿದೆಯೆಂದು ಜನ ತರ್ಕಿಸಿದರು. ಎರಡೂ ನಗರಗಳ ರೋಗಿಗಳನ್ನು ಒಂದೇ ಬಗೆಯ ಸಿದ್ಧ ಪ್ರಶ್ನಾವಳಿಯಿಂದ, ಒಂದೇ ನಿಯಮಾನುಸಾರ ಸಂದರ್ಶಿಸಿದ ಮೇಲೆ ಆ ವ್ಯತ್ಯಾಸ ಬಹುಮಟ್ಟಿಗೆ ಕರಗಿಹೋಯಿತು. 1972ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ವ್ಯತ್ಯಾಸವಿದ್ದದ್ದು ಹೆಚ್ಚಾಗಿ ವೈದ್ಯರ ರೂಢಿಯಲ್ಲಿ. ಮರುವರ್ಷ ರೋಸೆನ್‌ಹಾನ್ ಎಂಬ ಪ್ರಾಧ್ಯಾಪಕರು ಇನ್ನೂ ಬೆಚ್ಚಿಬೀಳಿಸುವ ಲೇಖನ ಬರೆದರು: ಎಂಟು ಮಂದಿ ಸ್ವಸ್ಥರು ಧ್ವನಿ ಕೇಳಿಸುತ್ತದೆಂದು ಸುಳ್ಳು ಹೇಳಿ 12 ಆಸ್ಪತ್ರೆಗಳಿಗೆ ಹೋದರೆಂದೂ ಎಲ್ಲ ಕಡೆಯೂ ಅವರನ್ನು ದಾಖಲು ಮಾಡಿಕೊಂಡರೆಂದೂ ಅದರಲ್ಲಿತ್ತು. ದಶಕಗಳ ಕಾಲ ಅದನ್ನು ನಾವೂ ತರಗತಿಗಳಲ್ಲಿ ಪಾಠ ಮಾಡಿದೆವು. ಸುಸಾನಾ ಕಹಲನ್ ಎಂಬ ಪತ್ರಕರ್ತೆ 2019ರಲ್ಲಿ ಹೊರತಂದ ಗ್ರಂಥವು ಆ ಲೇಖನದ ವಿವರಗಳ ಬಗ್ಗೆಯೇ ಗಂಭೀರ ಸಂದೇಹಗಳನ್ನೆತ್ತಿದೆ. ಸೊಗಸಾದ ಕಥೆಯನ್ನು ಸಾಕ್ಷ್ಯವೆಂದು ನಂಬಿದವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ.

ವಿಶ್ವಸನೀಯತೆಯ ಜೊತೆಯಲ್ಲೇ ಭಾಷೆಯ ಸಮಸ್ಯೆ ಬರುತ್ತದೆ. ಹೊರನಾಡ ಕನ್ನಡಿಗರಾದ ತಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಖಿನ್ನತೆ ಎಂಬ ಶಬ್ದ ಪತ್ರಿಕೆಯದು; ಮನೆಯಲ್ಲಿ ಯಾರೂ ಹಾಗೆನ್ನುವುದಿಲ್ಲ. ನಮ್ಮ ಜನ ಮನಸ್ಸಿಗೆ ಬೇಜಾರು ಎನ್ನುತ್ತಾರೆ, ಯಾವುದರಲ್ಲೂ ಆಸೆ ಇಲ್ಲ ಎನ್ನುತ್ತಾರೆ, ಎದೆ ಭಾರ, ತಲೆ ಕಾದ ಹಾಗೆ, ಕೈಕಾಲಿನಲ್ಲಿ ಶಕ್ತಿಯೇ ಇಲ್ಲ ಎನ್ನುತ್ತಾರೆ. ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಅತ್ತೆಯ ಮಾತನ್ನು ಸೊಸೆ ಮುರುಕು ಹಿಂದಿಯಲ್ಲಿ ವೈದ್ಯರಿಗೆ ದಾಟಿಸುವಾಗ ‘ಜೀವ ಬೇಸರವಾಗಿದೆ’ ಎಂಬುದು ಏನಾಗಿ ತಲಪುತ್ತದೆ? ಅದು ದಣಿವಿನ ಮಾತೂ ಆಗಿರಬಹುದು, ಬದುಕೇ ಬೇಡವೆಂಬ ಮಾತೂ ಆಗಿರಬಹುದು. ಇವೆರಡನ್ನು ಬಿಡಿಸಿ ಕೇಳಬೇಕು. ಸೊಸೆಯ ಎದುರಿನಲ್ಲಿ ಅತ್ತೆ ಅದನ್ನು ಬಿಡಿಸಿ ಹೇಳುವಳೆ ಎಂಬುದು ಇನ್ನೊಂದು ಪ್ರಶ್ನೆ. ಇಂಗ್ಲಿಷಿನಲ್ಲಿ ದುಃಖಕ್ಕೆ ನೀಲಿ ಬಣ್ಣದ ಹೆಸರನ್ನು ಹೇಳುವ ವಾಡಿಕೆಯಿದೆ. ಅಲ್ಲಿನ ಪ್ರಶ್ನಾವಳಿಯನ್ನು ಪದಕ್ಕೆ ಪದವಿಟ್ಟು ಕನ್ನಡಿಸಿದರೆ ಹಳ್ಳಿಯ ಅಜ್ಜಿ ತಾನುಟ್ಟ ಸೀರೆಯ ಬಣ್ಣವನ್ನು ಹೇಳಿಯಾಳು. ಆದಕಾರಣ ಸಂಶೋಧಕರು ಒಬ್ಬರಿಂದ ಅನುವಾದ ಮಾಡಿಸಿ, ಮೂಲವನ್ನು ಕಾಣದ ಇನ್ನೊಬ್ಬರಿಂದ ಅದನ್ನು ಮರಳಿ ಇಂಗ್ಲಿಷಿಗೆ ತರಿಸಿ, ಎರಡನ್ನೂ ಹೋಲಿಸಿ, ನಂತರ ಜನರ ನಡುವೆ ಪರೀಕ್ಷಿಸಿದ ಮೇಲೆಯೇ ಬಳಕೆಗೆ ತರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 1960ರ ದಶಕದ ಉತ್ತರಾರ್ಧದಲ್ಲಿ ಒಂಬತ್ತು ದೇಶಗಳಲ್ಲಿ ಚಿತ್ತವಿಕಲತೆಯ ಅಧ್ಯಯನವನ್ನು ಕೈಗೊಂಡಾಗ ನಮ್ಮ ಆಗ್ರಾ ಅವುಗಳಲ್ಲಿ ಒಂದು ಕೇಂದ್ರವಾಗಿತ್ತು. ಭಾಷಾಂತರದ ಈ ಶ್ರಮ ಆ ಕಾರ್ಯದ ಒಂದು ದೊಡ್ಡ ಭಾಗವೇ ಆಗಿತ್ತು.

ಈಗ ನಮ್ಮ ಊರಿನ ಆ ಸೊಸೆಯ ಬಳಿಗೆ ಮರಳೋಣ. ಆಸ್ಪತ್ರೆಗೆ ಬಂದವರನ್ನು ಮಾತ್ರ ಎಣಿಸಿದರೆ ಆಕೆ ಯಾವ ಲೆಕ್ಕದಲ್ಲಿಯೂ ಸಿಕ್ಕುವುದಿಲ್ಲ. ಇಂಥವರನ್ನು ಕಾಣಬೇಕಾದರೆ ಮನೆಯ ಬಾಗಿಲಿಗೇ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿದ್ದು ಅದನ್ನೇ. ಅದರ ಪೂರ್ವಭಾವಿ ಪ್ರಯೋಗ ನಡೆದದ್ದು ಕೋಲಾರ ಜಿಲ್ಲೆಯಲ್ಲಿ. ಬಳಿಕ 12 ರಾಜ್ಯಗಳಲ್ಲಿ 34,802 ವಯಸ್ಕರನ್ನು ಸಂದರ್ಶಿಸಲಾಯಿತು. ಯಾವ ಮನೆಗೆ ಹೋಗಬೇಕೆಂಬುದನ್ನು ಸಂದರ್ಶಕರ ಇಷ್ಟಕ್ಕೆ ಬಿಡದೆ ಆಯ್ಕೆಯನ್ನು ಆಕಸ್ಮಿಕದ ನಿಯಮಕ್ಕೆ ಒಪ್ಪಿಸುವುದು ಇಂಥ ಸಮೀಕ್ಷೆಯ ಜೀವಾಳ. ರಸ್ತೆಗೆ ಹತ್ತಿರವಿರುವ, ಕರೆದು ಕೂರಿಸಿ ಕಾಫಿ ಕೊಡುವ ಮನೆಗಳನ್ನಷ್ಟೇ ನೋಡಿ ಬಂದರೆ ದೇಶದ ಚಿತ್ರ ದೊರೆಯದು. ಸಮೀಕ್ಷೆಯ ಕಾಲದಲ್ಲಿ ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿ ಒಂದಲ್ಲ ಒಂದು ಮನೋವ್ಯಾಧಿಯಿಂದ ಬಳಲುತ್ತಿದ್ದರು. ವ್ಯಾಧಿಯ ಬಗೆಗೆ ಅನುಗುಣವಾಗಿ ಶೇಕಡಾ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಆ ಸೊಸೆಯಂಥವರು ಎಷ್ಟು ಮಂದಿಯೆಂಬುದಕ್ಕೆ ಇದು ಉತ್ತರ.

ಎಷ್ಟು ಎಂಬುದರಿಂದ ಏಕೆ ಎಂಬುದಕ್ಕೆ ಹೋಗುವ ಹಾದಿ ಜಾರುವ ಹಾದಿ. ಬಡತನ ಮತ್ತು ಸಾಲವಿರುವ ಕಡೆ ಖಿನ್ನತೆ ಹೆಚ್ಚೆಂದು ಅನೇಕ ಸಮೀಕ್ಷೆಗಳು ತೋರಿಸಿವೆ. ಇದನ್ನು ಸಹಸಂಬಂಧ ಎನ್ನುತ್ತೇವೆ. ಸಾಲದಿಂದ ಖಿನ್ನತೆ ಬಂದಿತೆ, ಖಿನ್ನತೆಯಿಂದ ದುಡಿಮೆ ನಿಂತು ಸಾಲವಾಯಿತೆ, ಅಥವಾ ಇವೆರಡಕ್ಕೂ ಮೂರನೆಯದೊಂದು ಕಾರಣವಿದೆಯೆ ಎಂಬುದನ್ನು ಸಹಸಂಬಂಧ ತಾನಾಗಿ ಹೇಳಲಾರದು. ಮನುಷ್ಯರನ್ನು ಬೇಕೆಂದೇ ಹಸಿವಿಗೆ ದೂಡಿ ಪರೀಕ್ಷಿಸುವಂತೆಯೂ ಇಲ್ಲ. ಆದರೆ ಕೆಲವೊಮ್ಮೆ ಇತಿಹಾಸವೇ ಅಂಥ ಕ್ರೂರ ಪ್ರಯೋಗವನ್ನು ನಡೆಸಿಬಿಡುತ್ತದೆ. 1944–45ರ ಚಳಿಗಾಲದಲ್ಲಿ ಜರ್ಮನರ ದಿಗ್ಬಂಧನದಿಂದ ಹಾಲೆಂಡಿನ ಪಶ್ಚಿಮ ಭಾಗ ತೀವ್ರ ಕ್ಷಾಮಕ್ಕೆ ತುತ್ತಾಯಿತು. ಆ ಕ್ಷಾಮದ ಉತ್ತುಂಗದಲ್ಲಿ ಗರ್ಭದಲ್ಲಿ ಅಂಕುರಿಸಿದ ಮಕ್ಕಳು ದೊಡ್ಡವರಾದ ಮೇಲೆ ಅವರಲ್ಲಿ ಚಿತ್ತವಿಕಲತೆಯ ಪ್ರಮಾಣ ಸುಮಾರು ಇಮ್ಮಡಿಯಾಗಿತ್ತೆಂದು ದಾಖಲೆಗಳ ಪರಿಶೀಲನೆಯಿಂದ ತಿಳಿದುಬಂದಿತು. ತಾಯಂದಿರ ಪಾಲನೆಯ ದೋಷದಿಂದ ಈ ರೋಗ ಬರುತ್ತದೆಂದು ಒಂದು ಕಾಲದಲ್ಲಿ ವೈದ್ಯರೇ ದೂರುತ್ತಿದ್ದರೆಂಬುದನ್ನು ನೆನೆದರೆ ಇಂಥ ಅಧ್ಯಯನಗಳ ಬೆಲೆ ತಿಳಿದೀತು.

ಕಾಲದುದ್ದಕ್ಕೂ ಒಂದೇ ಗುಂಪನ್ನು ಅನುಸರಿಸಿ ಹೋಗುವ ವಿಧಾನಕ್ಕೆ ತಾಳ್ಮೆಯೇ ಬಂಡವಾಳ. ಚೆನ್ನೈಯಲ್ಲಿ 1980ರ ದಶಕದ ಆರಂಭದಲ್ಲಿ ಮೊದಲ ಬಾರಿಗೆ ಚಿತ್ತವಿಕಲತೆಗೆ ಒಳಗಾದ 90 ಮಂದಿಯನ್ನು ಗುರುತಿಸಿ, ಡಾ. ಆರ್. ತಾರಾ ಮತ್ತು ಅವರ ಸಹೋದ್ಯೋಗಿಗಳು ಇಪ್ಪತ್ತು ವರ್ಷಕ್ಕೂ ಮೀರಿ ಅವರ ಯೋಗಕ್ಷೇಮವನ್ನು ದಾಖಲಿಸುತ್ತ ಬಂದರು. ಮನೆ ಬದಲಿಸಿದವರ ಹಿಂದೆ ಹೋಗುವುದು, ಮರೆಯಲು ಬಯಸುವ ಕುಟುಂಬಗಳ ಮನವೊಲಿಸುವುದು ಯಾವ ಪ್ರಯೋಗಾಲಯದ ಕೆಲಸಕ್ಕೂ ಕಡಿಮೆಯದಲ್ಲ. ಈ ರೋಗ ಬಂದವರೆಲ್ಲರ ಬಾಳೂ ಮುಗಿದಂತೆಯೇ ಎಂಬ ಹಳೆಯ ನಂಬಿಕೆಯನ್ನು ಅಲುಗಿಸಿದ್ದು ಇಂಥ ದೀರ್ಘ ಅನುಸರಣೆಗಳು. ಅನೇಕರು ಚೇತರಿಸಿಕೊಂಡರು, ಕೆಲಸಕ್ಕೆ ಮರಳಿದರು.

ಚಿಕಿತ್ಸೆಯಿಂದ ಫಲವಿದೆಯೆ ಎಂದು ತಿಳಿಯಲು ಪ್ರಯೋಗ ವಿಧಾನವೇ ಬೇಕು. ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ತಮಿಳುನಾಡಿನ ಒಂದು ದೇವಾಲಯಕ್ಕೆ ಮನೋರೋಗವುಳ್ಳವರನ್ನು ಕರೆತಂದು ಕೆಲವು ವಾರ ಇರಿಸಿಕೊಳ್ಳುವ ವಾಡಿಕೆಯಿತ್ತು. ಅಲ್ಲಿ ಸರಪಳಿಯಿಲ್ಲ, ಬಡಿತವಿಲ್ಲ. ಬಂಧುಗಳ ಜೊತೆ, ಪೂಜೆ, ಚಿಕ್ಕಪುಟ್ಟ ಕೆಲಸಗಳು. ಸಂಶೋಧಕರು 31 ಮಂದಿಯನ್ನು ಬಂದಾಗ ಮತ್ತು ಹೊರಡುವಾಗ ಪರೀಕ್ಷಿಸಿ, ರೋಗಲಕ್ಷಣಗಳು ಸುಮಾರು ಶೇಕಡಾ 20ರಷ್ಟು ತಗ್ಗಿದ್ದವೆಂದು 2002ರಲ್ಲಿ ಪ್ರಕಟಿಸಿದರು. ಭಕ್ತರಿಗೆ ಇದು ಪುರಾವೆಯೆನಿಸಬಹುದು, ನಾಸ್ತಿಕರಿಗೆ ಅಪಹಾಸ್ಯವೆನಿಸಬಹುದು. ಎರಡೂ ಆತುರವೇ ಸರಿ. ದೇವಾಲಯಕ್ಕೆ ಹೋಗದ ಅಂಥದೇ 31 ಮಂದಿಯ ಹೋಲಿಕೆಯ ಗುಂಪು ಅಲ್ಲಿರಲಿಲ್ಲ. ಕಾಲವೇ ಗುಣಪಡಿಸಿತೋ, ಆತಂಕದ ಮನೆಯಿಂದ ದೂರವಿದ್ದದ್ದು ಗುಣಪಡಿಸಿತೋ, ಆದರದಿಂದ ಕಂಡದ್ದು ಗುಣಪಡಿಸಿತೋ ಹೇಳಲಾಗದು. ಆದರದ ಪಾತ್ರ ಹಿರಿದೆಂದು ನನ್ನ ಊಹೆ. ಊಹೆಯನ್ನು ಫಲಿತಾಂಶವೆನ್ನಲು ನನಗೆ ಹಕ್ಕಿಲ್ಲ.

ಇನ್ನೊಂದು ಗೋವೆಯದು. ಅಲ್ಲಿನ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ತೀವ್ರ ಖಿನ್ನತೆಯುಳ್ಳ 495 ಮಂದಿಯನ್ನು ಎರಡು ಗುಂಪು ಮಾಡಲಾಯಿತು. ಯಾರು ಯಾವ ಗುಂಪಿಗೆಂಬುದನ್ನು ಚೀಟಿ ಎತ್ತಿದಂತೆ ಆಕಸ್ಮಿಕಕ್ಕೆ ಬಿಡಲಾಯಿತು. ಹೀಗೆ ಮಾಡಿದರೆ ಬಡವ ಬಲ್ಲಿದ, ಓದಿದವ ಓದದವ, ಆಶಾವಾದಿ ನಿರಾಶಾವಾದಿಗಳು ಎರಡೂ ಕಡೆ ಸರಿಸುಮಾರು ಸಮನಾಗಿ ಹಂಚಿಹೋಗುತ್ತಾರೆ. ಒಂದು ಗುಂಪಿಗೆ ಸುಧಾರಿತ ಮಾಮೂಲು ಚಿಕಿತ್ಸೆ. ಇನ್ನೊಂದಕ್ಕೆ ಅದರೊಡನೆ ಆರರಿಂದ ಎಂಟು ಬಾರಿ ಆಪ್ತ ಸಮಾಲೋಚನೆ. ಸಮಾಲೋಚಕರು ಮನೋವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯ ಸಾಮಾನ್ಯರು. ಮೂರು ತಿಂಗಳ ನಂತರ ಫಲಿತಾಂಶವನ್ನು ಅಳೆದವರಿಗೆ ಯಾರು ಯಾವ ಗುಂಪಿನವರೆಂಬುದು ತಿಳಿಯದಂತೆ ಏರ್ಪಾಟಾಗಿತ್ತು. ತಿಳಿದಿದ್ದರೆ ಕಣ್ಣು ಪಕ್ಷಪಾತ ಮಾಡುತ್ತದೆ. ಸಮಾಲೋಚನೆ ಪಡೆದವರಲ್ಲಿ ಶೇಕಡಾ 64ರಷ್ಟು, ಇನ್ನೊಂದು ಗುಂಪಿನಲ್ಲಿ ಶೇಕಡಾ 39ರಷ್ಟು ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಏನೂ ಹೆಚ್ಚಿನದನ್ನು ಪಡೆಯದ ಗುಂಪಿನಲ್ಲಿಯೂ 39 ಎಂಬುದನ್ನು ದಯವಿಟ್ಟು ಗಮನಿಸಿ. ಹೋಲಿಕೆಯ ಗುಂಪಿಲ್ಲದಿದ್ದರೆ ಅದೆಲ್ಲವೂ ಸಮಾಲೋಚನೆಯ ಖಾತೆಗೇ ಜಮೆಯಾಗುತ್ತಿತ್ತು. 2017ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಅವರ ತಂಡದವರು ತೋರಿಸಿದ್ದು, ತಜ್ಞರ ಕೊರತೆಯಿರುವ ದೇಶದಲ್ಲಿ ತರಬೇತಿ ಪಡೆದ ನೆರೆಯವರೂ ಆಸರೆಯಾಗಬಲ್ಲರೆಂಬುದನ್ನು.

ಪ್ರಯೋಗಕ್ಕೆ ಒಳಪಡುವವರ ಒಪ್ಪಿಗೆಯ ವಿಷಯ ಉಳಿಯಿತು. 2017ರ ಕಾಯಿದೆಯು ಸಂದರ್ಶನವೂ ಸೇರಿದಂತೆ ಯಾವುದೇ ಸಂಶೋಧನೆಗೆ ವ್ಯಕ್ತಿಯ ಮುಕ್ತವಾದ, ತಿಳಿದು ಕೊಟ್ಟ ಸಮ್ಮತಿಯನ್ನು ಕಡ್ಡಾಯಗೊಳಿಸಿದೆ. ಸಮ್ಮತಿ ಕೊಡುವ ಸ್ಥಿತಿಯಲ್ಲಿ ಇಲ್ಲದವರ ವಿಷಯದಲ್ಲಿ ರಾಜ್ಯ ಪ್ರಾಧಿಕಾರದ ಅನುಮತಿ ಬೇಕು. ಒಪ್ಪಿದವರು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ತಮ್ಮ ಮನೆಯವರನ್ನು ಯಾವುದಾದರೂ ಅಧ್ಯಯನಕ್ಕೆ ಕೇಳಿದಾಗ, ಕಾಗದವನ್ನು ತಮಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿರೆಂದು ಕೇಳಲು ಸಂಕೋಚ ಬೇಡ. ಕನ್ನಡದಲ್ಲಿ ಹೇಳಿರೆಂದು ಪುಣೆಯಲ್ಲಿದ್ದುಕೊಂಡು ಕೇಳಿದರೂ ತಪ್ಪಿಲ್ಲ.

ಆ ತರುಣನ ಕಥೆಯನ್ನು ಅರ್ಧಕ್ಕೆ ಬಿಟ್ಟೆ. ಎಂಟನೆಯ ವರ್ಷ ತಾಲ್ಲೂಕು ಕೇಂದ್ರದಲ್ಲಿ ನಡೆದ ಮಾನಸಿಕ ಆರೋಗ್ಯ ಶಿಬಿರಕ್ಕೆ ಅವನನ್ನು ಕರೆದೊಯ್ದವರು ಅದೇ ಮಾಸ್ತರರು. ಔಷಧ ಆರಂಭವಾಯಿತು. ಮುಂದೆ ಅವನು ತೋಟದ ಲೆಕ್ಕ ಬರೆಯುವಷ್ಟು ಸುಧಾರಿಸಿದ. ಧ್ವನಿಗಳು ಪೂರ್ತಿ ನಿಲ್ಲಲಿಲ್ಲವೆಂದು ಒಮ್ಮೆ ನನ್ನೊಡನೆ ಹೇಳಿದ್ದುಂಟು. ಈಗ ಅವು ಹೇಳಿದ್ದನ್ನು ತಾನು ಕೇಳುವುದಿಲ್ಲವೆಂದೂ ಹೇಳಿದ.

ಕೊನೆಯಲ್ಲಿ ಒಂದು ಮಾಹಿತಿ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರವು ಟೆಲಿ–ಮಾನಸ್ ಎಂಬ ಉಚಿತ ದೂರವಾಣಿ ಸೇವೆಯನ್ನು ಆರಂಭಿಸಿದೆ. ಸಂಖ್ಯೆ 14416. ಹಗಲು ರಾತ್ರಿ ಎಲ್ಲ ಹೊತ್ತಿನಲ್ಲಿಯೂ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಬರೆದುಕೊಳ್ಳುವವರಿಗಾಗಿ ಇನ್ನೊಮ್ಮೆ ಹೇಳುತ್ತೇನೆ: ಒಂದು, ನಾಲ್ಕು, ನಾಲ್ಕು, ಒಂದು, ಆರು. ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ಸಭೆಯಲ್ಲಿ ಕೇಳಲು ಇಷ್ಟವಿಲ್ಲದವರಿಗಾಗಿ ಹೊರಗಿನ ಜಗಲಿಯಲ್ಲಿ ಸ್ವಲ್ಪ ಹೊತ್ತು ಇರುತ್ತೇನೆ.